ಹತ್ತನೆಯ ಮಂಜೊಟ್ಟಿ

ಹಳೆಯ ಕಾರನ್ನು ಮಾರುವುದಾದರೆ ಮಾರಿ, ಆದರೆ ಅದರ ಸೀಟಿನ ಅಡಿಯನ್ನು ಮಾತ್ರ ನಾಲ್ಕು ಜನರೆದುರು ಬಿಚ್ಚಿಸಬೇಡಿ. ಇದು ನನ್ನ ಅನುಭವದ ಮಾತು. ಮೊನ್ನೆ ವೇಣೂರಿನ ಗ್ಯಾರೇಜಿನಲ್ಲಿ ರಝಾಕ್ ನನ್ನ ಕಾರಿನ ಹಿಂದಿನ ಸೀಟನ್ನು ಎತ್ತಿ ಹೊರಗಿಟ್ಟವನೇ, "ಮಾಷ್ಟ್ರೇ, ಇಲ್ಲೊಂದು ಅಂಗಡಿಯೇ ಉಂಟಲ್ಲ ಮಾರಾಯ್ರೆ!" ಎಂದು ಇಡೀ ಪೇಟೆಗೆ ಕೇಳುವ ಹಾಗೆ ಕೂಗಿದ. ಚಾಕ್‌ಪೀಸಿನ ತುಂಡುಗಳು, ಕೆಂಪು ಪೆನ್ನಿನ ಮುಚ್ಚಳಗಳು, ಮಗಳ ಒಂಟಿ ಕಾಲುಚೀಲ, ಕಲ್ಲಾಗಿಹೋದ ಒಂದು ಚಕ್ಕುಲಿ. ಇವೆಲ್ಲದರ ನಡುವೆ ಶಾಲೆಯ ದೊಡ್ಡ ಮರದ ಕೋನಮಾಪಕ! ಎರಡು ವರ್ಷದ ಹಿಂದೆ ಅದು ಕಾಣೆಯಾದಾಗ ಎಂಟನೇ ತರಗತಿಯ ಮೂವರನ್ನು ಸಾಲಾಗಿ ನಿಲ್ಲಿಸಿ ವಿಚಾರಣೆ ಮಾಡಿದ್ದವನು ನಾನೇ. ಆ ಮೂವರೂ ಈಗ ಎಸ್ಸೆಸ್ಸೆಲ್ಸಿ ಮುಗಿಸಿದ್ದಾರೆ. ಕ್ಷಮೆ ಕೇಳಬೇಕು, ಕೇಳುತ್ತೇನೆ.

ಕೋನಮಾಪಕದ ಕೆಳಗೆ ಒಂದು ಕೆಂಪು ಬೀಜ ಇತ್ತು. ರಝಾಕ್ ಅದನ್ನು ಅಂಗಿಯಲ್ಲಿ ಒರೆಸಿ ಬೆಳಕಿಗೆ ಹಿಡಿದ.

"ಇದೆಂತ, ಮಣಿಯಾ?"

"ಮಂಜೊಟ್ಟಿ," ಎಂದೆ. ಕೋನಮಾಪಕ ಸಿಕ್ಕಿದ ನಾಚಿಕೆಯನ್ನೂ ಮರೆತು ಆ ಬೀಜವನ್ನು ಕಿಸೆಗೆ ಹಾಕಿ, ಕಿಸೆಯ ಮೇಲೆ ಕೈಯಿಟ್ಟುಕೊಂಡು ಬೆಂಚಿನ ಮೇಲೆ ಕೂತೆ. ರಝಾಕ್ ಒಂದು ಲೋಟ ನೀರು ತಂದುಕೊಟ್ಟ. ಪಾಪ, ಮಾಷ್ಟ್ರಿಗೆ ಬಿಸಿಲು ತಾಗಿದೆ ಎಂದು ಎಣಿಸಿದ.

ಇನ್ನು ನಿಮಗೆ ಹೇಳಬೇಕು. ನಮ್ಮ ಕಡೆಯವರಾದರೆ ಚೆನ್ನೆಮಣೆ ಗೊತ್ತೇ ಇರುತ್ತದೆ. ಎರಡು ಸಾಲು, ಸಾಲಿಗೆ ಏಳು ಗುಳಿ ಇರುವ ಮರದ ಮಣೆ. ಗುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಬೀಜ. ಎದುರುಬದುರು ಕೂತು ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವ ಆಟ. ಇದನ್ನು ಆಡುವುದು ಆಟಿ ತಿಂಗಳಲ್ಲಿ, ಎಂದರೆ ಜಡಿಮಳೆಯ ಆಷಾಢದ ಹೊತ್ತಿನಲ್ಲಿ, ಮಾತ್ರ. ಗದ್ದೆಯಲ್ಲಿ ನೇಜಿ ನೆಟ್ಟು ಮುಗಿದು ಕೈಗೆ ಕೆಲಸವಿಲ್ಲದೆ ಕೂತಾಗ ಅಟ್ಟದಿಂದ ಇಳಿಯುವ ಮಣೆ, ಸೋಣ ತಿಂಗಳು ಬಂದ ಕೂಡಲೇ ವಾಪಸು ಅಟ್ಟಕ್ಕೆ. ಬೇರೆ ತಿಂಗಳಲ್ಲಿ ಆಡಿದರೆ ಮನೆಗೆ ಆಗುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಯಾಕೆ ಆಗುವುದಿಲ್ಲ ಎಂದು ಕೇಳಿದರೆ, "ಆಗುವುದಿಲ್ಲ ಅಂದ್ರೆ ಆಗುವುದಿಲ್ಲ. ನಿನ್ನ ಶಾಲೆಯ ಪುಸ್ತಕದಲ್ಲಿ ಎಲ್ಲ ಬರೆದಿರ್ತದಾ?" ಎಂಬ ಉತ್ತರ ಸಿಗುತ್ತಿತ್ತು.

ನಾನು ಲೆಕ್ಕದ ಮಾಷ್ಟ್ರಾದ ಮೇಲೂ ಅಮ್ಮನೆದುರು ಒಂದೇ ಒಂದು ಆಟ ಗೆದ್ದವನಲ್ಲ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು, ಬರೆಯಲು ಕೂತರೆ ಗಿರಿಜ ಎಂಬ ಹೆಸರಿನ ಮೂರು ಅಕ್ಷರಕ್ಕೆ ಮೂರು ನಿಮಿಷ ಬೇಕು. ಆದರೆ ಗುಳಿಯಲ್ಲಿ ಎಷ್ಟು ಬೀಜ ಉಂಟೆಂದು ಮುಟ್ಟದೆ ಹೇಳುತ್ತಾಳೆ. ಮನೆಯಲ್ಲಿ ಬೀಡಿ ಕಟ್ಟಿಯೇ ನನ್ನನ್ನು ಓದಿಸಿದವಳು. ಬೀಡಿ ಕಟ್ಟುತ್ತ, ನೆರೆಮನೆಯವರ ಜೊತೆ ಮಾತಾಡುತ್ತ, ಒಲೆಯ ಮೇಲಿನ ಸಾರಿನ ಕಡೆಗೂ ಒಂದು ಕಣ್ಣಿಟ್ಟುಕೊಂಡಿದ್ದರೂ, ಒಂದು ಕಟ್ಟಿಗೆ ಬೇಕಾದ ಇಪ್ಪತ್ತೈದಾದ ಕೂಡಲೇ ಕೈ ತನ್ನಿಂದ ತಾನೇ ನಿಲ್ಲುತ್ತಿತ್ತು. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು. ವರ್ಷಕ್ಕೊಮ್ಮೆ ಒಂದು ಪೆಟ್ಟಿಗೆ, ಹದಿನೈದು ದಿನದ ರಜೆ.

ನೆನಪಿರುವಂತೆ ಒಂದೇ ಒಂದು ಆಟಿಯಲ್ಲಿ ಮಾತ್ರ ಅಮ್ಮ ಮಣೆ ಇಳಿಸಲಿಲ್ಲ. ನನಗಾಗ ನಾಲ್ಕು ವರ್ಷ. ಆದರೆ ಆ ಆಟಿಯಲ್ಲೇ ನನ್ನ ಬಾಲ್ಯದ ಅತ್ಯಂತ ಸುಖದ ಒಂದು ವಾರವೂ ಇದೆ. ಇದ್ದಕ್ಕಿದ್ದಂತೆ ನನ್ನನ್ನು ಮೆಲ್ಕಾರಿನ ದೊಡ್ಡಮ್ಮನ ಮನೆಗೆ ಕಳಿಸಿದರು. ಜಂಕ್ಷನ್ನಿನಲ್ಲೇ ಮನೆ, ಜಗಲಿಯಲ್ಲಿ ಕೂತರೆ ಹೆದ್ದಾರಿ. ಬೆಳಗಿನಿಂದ ಸಂಜೆಯವರೆಗೆ ಲಾರಿ ಎಣಿಸುವುದೇ ಕೆಲಸ. ನೂರರವರೆಗೆ ಎಣಿಸಲು ಕಲಿತದ್ದು ಅಲ್ಲೇ. ಕೇಳಿದಾಗೆಲ್ಲ ದೊಡ್ಡಮ್ಮ ಬೆಲ್ಲ ಕೊಡುತ್ತಿದ್ದರು, ಗದರುತ್ತಲೇ ಇರಲಿಲ್ಲ. ಮನೆಗೆ ವಾಪಸು ಬಂದಾಗ ನಾನು ಗಲಾಟೆ ಮಾಡಿ ಅತ್ತಿದ್ದೆನಂತೆ, ಲಾರಿ ಬೇಕೆಂದು. ಈ ವಾರದ ಸಂಗತಿ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ಹಿಲ್ಡಾ ಸಿಸ್ಟರಿಗೆ ಬರುತ್ತೇನೆ. ಅವರ ವಿಷಯ ಹೇಳಬೇಕೆಂದೇ ಇಷ್ಟೆಲ್ಲ ಸುತ್ತು ಬಳಸಿದ್ದು.

ಆರು ವರ್ಷದ ಹಿಂದೆ ನನ್ನ ಹೆಂಡತಿ ಸುಚಿತ್ರಾ ಬಸುರಿ. ಮೊದಲ ಹೆರಿಗೆ ತವರಿನಲ್ಲಾಗುವುದು ನಮ್ಮಲ್ಲಿ ಕ್ರಮ. ಆದರೆ ಅವಳು ಹೈಸ್ಕೂಲಿನಲ್ಲಿರುವಾಗಲೇ ಅವಳ ಅಮ್ಮ ತೀರಿಕೊಂಡಿದ್ದರು. ಹಾಗಾಗಿ ಬಾಣಂತನವೆಲ್ಲ ನಮ್ಮಲ್ಲೇ ಎಂದಾಯಿತು. ಮೂಡುಬಿದಿರೆಯ ಒಂದು ಸಣ್ಣ ಆಸ್ಪತ್ರೆಗೆ ತೋರಿಸುತ್ತಿದ್ದೆವು. ಅಲ್ಲಿನ ಹೆರಿಗೆ ವಿಭಾಗದ ಹಿರಿಯ ನರ್ಸ್ ಹಿಲ್ಡಾ ಸಿಸ್ಟರ್. ಗಿಡ್ಡ ಆಳು, ದೊಡ್ಡ ಕನ್ನಡಕ. ಪ್ರತಿ ಶನಿವಾರ ಬಸುರಿಯರಿಗೂ ಅವರ ಮನೆಯವರಿಗೂ ಒಂದು ಗಂಟೆ ಪಾಠ ಮಾಡುತ್ತಿದ್ದರು. ಅವರದ್ದೊಂದು ನಿಯಮ ಇತ್ತು. ಏಳನೆಯ ತಿಂಗಳು ತುಂಬುವಾಗ ಬಸುರಿಯ ಜೊತೆಗೆ, ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರು ಬರಬೇಕು.

ಸಹಜವಾಗಿ ನಾನೇ ಹೋದೆ. ಇಸ್ತ್ರಿ ಅಂಗಿ ಹಾಕಿ, ಟಿಪ್ಪಣಿ ಬರೆಯಲು ಒಂದು ಪುಸ್ತಕವನ್ನೂ ಹಿಡಿದಿದ್ದೆ. ಸಿಸ್ಟರ್ ಕನ್ನಡಕದ ಮೇಲಿನಿಂದ ನೋಡಿದರು.

"ಮನೆಯಲ್ಲಿ ನಿಮ್ಮ ಮಾತು ನಡೀತದಾ ಮಾಷ್ಟ್ರೇ?"

"ಹೌದು ಸಿಸ್ಟರ್."

"ನಿನ್ನೆ ಮಧ್ಯಾಹ್ನ ಎಂತ ಪದಾರ್ಥ?"

"ಬಸಳೆ."

"ಬಸಳೆ ಮಾಡುವ ಅಂತ ಹೇಳಿದ್ದು ಯಾರು?"

"ಅಮ್ಮ."

"ಇವತ್ತು ಇಷ್ಟು ಗಂಟೆಗೆ ಹೊರಡಿ ಅಂತ ಹೇಳಿದ್ದು?"

"ಅದು... ಅಮ್ಮ."

"ಈ ಅಂಗಿ ಹಾಕಿಕೊ ಅಂತ?"

ನಾನು ಟಿಪ್ಪಣಿಯ ಪುಸ್ತಕ ಮುಚ್ಚಿದೆ. ಪಕ್ಕದಲ್ಲಿ ಸುಚಿತ್ರಾ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು. "ಅಂದ್ರೆ ನೀವು ಡ್ರೈವರ್," ಎಂದರು ಸಿಸ್ಟರ್, ಬಹಳ ಸಮಾಧಾನದಿಂದ. "ಡ್ರೈವರೂ ಬೇಕು ಮಾಷ್ಟ್ರೇ, ಬೇಡ ಅಂತ ಹೇಳುವುದಿಲ್ಲ. ಮುಂದಿನ ಶನಿವಾರ ಅಮ್ಮನನ್ನು ಕರ್ಕೊಂಡು ಬನ್ನಿ."

ಅಮ್ಮ ಸುಲಭಕ್ಕೆ ಬರುವವಳೇ? "ಹೆರಿಗೆ ಕಲಿಯಲಿಕ್ಕೆ ನಾನು ಈ ಪ್ರಾಯದಲ್ಲಿ ಶಾಲೆಗೆ ಹೋಗ್ಬೇಕಾ? ನಿನ್ನನ್ನು ಎಂತ ಸಂತೆಯಿಂದ ತಂದದ್ದಾ?" ಎಂದು ಮೂರು ದಿನ ಹಾರಾಡಿದಳು. ಆದರೂ ಶನಿವಾರ ಬೆಳಿಗ್ಗೆ ಎಲೆಯಡಿಕೆಯ ಡಬ್ಬಿ ಹಿಡಿದು ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತಿದ್ದಳು. ಸಿಸ್ಟರಿಗೆ ಎರಡು ಮಾತು ಹೇಳಿಯೇ ಬರುವುದೆಂದು ನಿಶ್ಚಯ ಮಾಡಿಕೊಂಡ ಮುಖ. ನನಗೆ ಒಳಗೊಳಗೇ ಖುಷಿ. ಈಗ ಗೊತ್ತಾಗುತ್ತದೆ ಈ ಸಿಸ್ಟರಿಗೆ ಎಂದುಕೊಂಡೆ.

ಪಾಠದ ಕೋಣೆಯಲ್ಲಿ ಒಂದು ಉದ್ದದ ಬೆಂಚು, ಅದರ ಮೇಲೆ ಸಾಲಾಗಿ ಅತ್ತೆಯಂದಿರು, ಅಮ್ಮಂದಿರು. ಬುರ್ಖಾದವರು, ಕೊರಳಲ್ಲಿ ಶಿಲುಬೆಯವರು, ಅಮ್ಮನ ಹಾಗೆ ಮಲ್ಲಿಗೆ ಮುಡಿದವರು. ಒಂದು ವಿಷಯದಲ್ಲಿ ಮಾತ್ರ ಎಲ್ಲರದ್ದೂ ಒಂದೇ ಮತ: ಮಗು ಹುಟ್ಟಿದ ಕೂಡಲೇ ಬರುವ ಹಳದಿ ಹಾಲು ಕೊಡಬಾರದು, ಹಿಂಡಿ ಚೆಲ್ಲಬೇಕು, ಅಲ್ಲಿಯವರೆಗೆ ನಾಲಿಗೆಗೆ ಜೇನು ಸವರಬೇಕು. ಅಮ್ಮನೇ ಎಲ್ಲರ ಪರವಾಗಿ ಎದ್ದು ಹೇಳಿದಳು.

ಸಿಸ್ಟರ್ ತಪ್ಪು ಎನ್ನಲೇ ಇಲ್ಲ. "ಗಿರಿಜಕ್ಕ, ಮನೆಯಲ್ಲಿ ದನ ಉಂಟಾ?" ಎಂದು ಕೇಳಿದರು.

"ಉಂಟು. ಎರಡು."

"ಕರು ಹಾಕಿದ ದಿನದ ಹಾಲು ಎಂತ ಮಾಡ್ತೀರಿ?"

"ಮೊದಲು ಕರುವಿಗೆ ಬಿಡ್ತೇವೆ. ಉಳಿದದ್ದು ಗಿಣ್ಣು."

"ಕರುವಿಗೆ ಕುಡಿಸದೆ ಚೆಲ್ಲಿದ್ರೆ?"

"ಅಯ್ಯೋ! ಕರು ಏಳ್ಲಿಕ್ಕುಂಟಾ ಮತ್ತೆ? ಅದರಲ್ಲೇ ಅಲ್ವಾ ಅದರ ಜೀವ ಇರುವುದು..." ಅಮ್ಮ ಅಷ್ಟಕ್ಕೇ ನಿಂತಳು. ಬೆಂಚಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿಸ್ಟರ್ ಮಗುವನ್ನು ಸ್ನಾನ ಮಾಡಿಸುವುದು ತೋರಿಸಲು ಬಟ್ಟೆಯ ಗೊಂಬೆಯನ್ನು ಎತ್ತಿಕೊಂಡರು.

ಆ ದಿನ ವಾಪಸು ಬರುವಾಗ ಹೊಸಂಗಡಿಯವರೆಗೂ ಅಮ್ಮ ಎಲೆಯಡಿಕೆ ಜಗಿಯುತ್ತ ಕೂತಳು. ಪೆರಿಂಜೆ ಹತ್ತಿರವಾಗುವಾಗ ಅಮ್ಮ ಬಾಯಿಬಿಟ್ಟಳು. "ಆ ಸಿಸ್ಟರಿಗೆ ದನದ ವಿಷಯ ಗೊತ್ತುಂಟು." ನಮ್ಮ ಅಮ್ಮ ಈ ಮಾತನ್ನು ಪಶುವೈದ್ಯರ ಬಗ್ಗೆಯೂ ಹೇಳಿದವಳಲ್ಲ. ಮುಂದಿನ ಶನಿವಾರದ ಪಾಠ ಮುಗಿದ ಮೇಲೆ, ಹೊಗೆಸೊಪ್ಪಿನ ಧೂಳು ಬಸುರಿಗೆ ಆಗುವುದಿಲ್ಲವೆಂದು ಬೀಡಿಯ ಸಾಮಾನನ್ನೆಲ್ಲ ಕಟ್ಟಿ ನೆರೆಮನೆಗೆ ದಾಟಿಸಿದಳು. ಮೂವತ್ತು ವರ್ಷ ನಾನು ಹೇಳಿ ಆಗದ ಕೆಲಸ ಅದು.

ಎಂಟನೆಯ ತಿಂಗಳಲ್ಲಿ ಎಣಿಸುವ ಪಾಠ. ಊಟವಾದ ಮೇಲೆ ಬಸುರಿ ಎಡಮಗ್ಗುಲಿಗೆ ಮಲಗಿ, ಬೇರೇನೂ ಮಾಡದೆ, ಮಗು ಅಲುಗಿದ್ದನ್ನು ಎಣಿಸಬೇಕು. ಎರಡು ಗಂಟೆಯೊಳಗೆ ಹತ್ತು ಆಗಬೇಕು. ಹೆಚ್ಚಿನ ದಿನ ಅರ್ಧ ಗಂಟೆಯಲ್ಲೇ ಆಗುತ್ತದೆ. "ಆಗದಿದ್ರೆ? ನಾಳೆ ನೋಡುವ ಅಂತ ಇಲ್ಲ, ಶರಬತ್ತು ಕುಡಿಸಿ ಇನ್ನೊಮ್ಮೆ ಎಣಿಸುವ ಅಂತಲೂ ಇಲ್ಲ. ಹೊರಡುವುದು. ಬಂದು ಎಂತ ಇಲ್ಲ ಅಂತ ಆದ್ರೆ ನಾನು ಬೈಯುವುದಿಲ್ಲ, ಚಾ ಕೊಡ್ತೇನೆ," ಎಂದರು ಸಿಸ್ಟರ್.

"ಬರೆದಿಡ್ಲಿಕ್ಕೆ ನನಗೆ ಬರುವುದಿಲ್ಲ," ಎಂದಳು ಅಮ್ಮ.

"ಬರೆಯುವುದು ಬೇಡ. ಮನೆಯಲ್ಲಿ ಎಂತ ಎಣಿಸಿ ಅಭ್ಯಾಸ ನಿಮಗೆ?"

"ಬೀಡಿ."

ಸಿಸ್ಟರ್ ಕನ್ನಡಕ ಸರಿಮಾಡಿಕೊಂಡರು. "ಅದು ಬಿಟ್ಟು?"

ನಾನು ಬಾಗಿಲಿನಲ್ಲಿ ನಿಂತವನು, ಡ್ರೈವರಿನ ಮಿತಿ ಮೀರಿ, "ಚೆನ್ನೆಮಣೆ!" ಎಂದುಬಿಟ್ಟೆ. ಅಮ್ಮ ನನ್ನ ಕಡೆ ನೋಡಿದ ನೋಟ ಹೇಗಿತ್ತೆಂದು ಕೇಳಬೇಡಿ. "ಬೇಶ ತಿಂಗಳಲ್ಲಿ ಚೆನ್ನೆಯಾ? ಮನೆಯಲ್ಲಿ ಬಸುರಿ ಇರುವಾಗ? ನಿನಗೆ ಮಂಡೆ ಸಮ ಉಂಟಾ?"

ನಾನಾಗಿದ್ದರೆ ಮೂಢನಂಬಿಕೆ ಎಂದು ಭಾಷಣ ಶುರುಮಾಡುತ್ತಿದ್ದೆ. ಸಿಸ್ಟರ್ ಅಮ್ಮನ ಪಕ್ಕಕ್ಕೆ ಬಂದು ಬೆಂಚಿನಲ್ಲಿ ಕೂತರು. "ನೀವು ಹೇಳುವುದು ಸರಿ ಗಿರಿಜಕ್ಕ. ಆಟಿ ಬಿಟ್ಟು ಆಡ್ಲಿಕ್ಕೆ ಇಲ್ಲ, ನನಗೂ ಗೊತ್ತುಂಟು. ನೀವು ಆಡ್ಬೇಡಿ. ಎದುರು ಯಾರೂ ಕೂರುವುದು ಬೇಡ. ಗೆಲ್ಲುವುದು ಸೋಲುವುದು ಎಂತದೂ ಇಲ್ಲ. ಹತ್ತೇ ಹತ್ತು ಮಂಜೊಟ್ಟಿ. ಮಗು ಒಮ್ಮೆ ಅಲುಗಿದ್ರೆ ಒಂದು ಬೀಜ ಈ ಗುಳಿಯಿಂದ ಆ ಗುಳಿಗೆ. ಅದು ಆಟ ಅಲ್ಲ, ಕಾವಲು."

ಅಮ್ಮ ಬಹಳ ಹೊತ್ತು ಸಿಸ್ಟರಿನ ಮುಖ ನೋಡಿದಳು. "ಕಾವಲು," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಅವಳ ಕಣ್ಣು ಒಂದು ಕ್ಷಣ ಬೇರೆಲ್ಲೋ ಹೋಗಿ ಬಂದ ಹಾಗೆ ನನಗೆ ಕಂಡಿತು. ಯಾಕೆಂದು ಆಗ ನನಗೆ ಗೊತ್ತಿರಲಿಲ್ಲ.

ಅಂತೂ ಬೇಶ ತಿಂಗಳ ಬಿಸಿಲಿನಲ್ಲಿ ನಮ್ಮ ಮನೆಯ ಅಟ್ಟದಿಂದ ಚೆನ್ನೆಮಣೆ ಇಳಿಯಿತು. ಮಧ್ಯಾಹ್ನ ಊಟವಾದ ಮೇಲೆ ಸುಚಿತ್ರಾ ಚಾವಡಿಯಲ್ಲಿ ಎಡಕ್ಕೆ ಮಲಗುವುದು, ಅಮ್ಮ ಅವಳ ಪಕ್ಕದಲ್ಲಿ ಮಣೆಯಿಟ್ಟು ಕೂರುವುದು. ಅವಳು ಕಣ್ಣು ಮುಚ್ಚಿಕೊಂಡೇ "ಹ್ಞಾಂ ಅತ್ತೆ" ಎಂದರೆ ಇವಳು ಒಂದು ಬೀಜ ದಾಟಿಸುವುದು. ಒಮ್ಮೆ ನೆರೆಮನೆಯ ವಾರಿಜಕ್ಕ ಬಂದವರು ಬಾಗಿಲಿನಲ್ಲೇ ನಿಂತು, "ಎಂತದಿದು ಗಿರಿಜಕ್ಕ, ಈಗ ಚೆನ್ನೆ!" ಎಂದು ಎದೆ ಮುಟ್ಟಿಕೊಂಡರು. ಅಮ್ಮ ತಲೆಯೆತ್ತದೆ, "ಆಟ ಅಲ್ಲ, ಕಾವಲು. ಮಾತಾಡ್ಬೇಡಿ, ಐದಾಯ್ತು," ಎಂದಳು.

ಅವರಿಬ್ಬರೂ ಹೀಗೆ ಕೆಲಸ ಮಾಡುವಾಗ, ರಜೆಯಲ್ಲಿ ಮನೆಯಲ್ಲಿದ್ದ ಲೆಕ್ಕದ ಮಾಷ್ಟ್ರು ಸುಮ್ಮನೆ ಕೂರುವುದುಂಟೇ? ನಾನೊಂದು ಗ್ರಾಫ್ ಪುಸ್ತಕ ತಂದೆ. ಅಡ್ಡಕ್ಕೆ ದಿನ, ಉದ್ದಕ್ಕೆ ಹತ್ತು ಒದೆಗೆ ಹಿಡಿದ ನಿಮಿಷ. ಹಸಿರು ಶಾಯಿಯಲ್ಲಿ ಗೆರೆ, ಕೆಂಪು ಶಾಯಿಯಲ್ಲಿ ವಾರದ ಸರಾಸರಿ. ಶನಿವಾರ ಸಿಸ್ಟರಿಗೆ ತೋರಿಸಿದೆ. ಅವರು ತಿರುಗಿಸಿ ಮುರುಗಿಸಿ ನೋಡಿ, "ಚಂದ ಉಂಟು ಮಾಷ್ಟ್ರೇ. ಆದರೆ ಮಗು ನಿಮ್ಮ ಕ್ಲಾಸಿಗೆ ಇನ್ನೂ ಸೇರ್ಲಿಲ್ಲ, ಅದಕ್ಕೆ ಸರಾಸರಿ ಎಲ್ಲ ಗೊತ್ತಿಲ್ಲ," ಎಂದು ವಾಪಸು ಕೊಟ್ಟರು. ನಾನು ಅದನ್ನು ತಮಾಷೆಯೆಂದು ತೆಗೆದುಕೊಂಡೆ.

ಅದಾದ ಮೇಲಿನ ಸೋಮವಾರ ಬೆಳಗಿನಿಂದ ವಿಪರೀತ ಸೆಕೆ. ದಿನ ತುಂಬಲು ಇನ್ನೂ ಮೂರು ವಾರ ಇತ್ತು. ಊಟದ ನಂತರ ಎಂದಿನಂತೆ ಇಬ್ಬರೂ ಕೂತರು. ಅರ್ಧ ಗಂಟೆಗೆ ಮೂರು ಬೀಜ ದಾಟಿತು. ಒಂದು ಗಂಟೆಗೆ ಐದು. ಆಮೇಲೆ ಸುಚಿತ್ರಾಳ "ಹ್ಞಾಂ" ಕೇಳುವುದೇ ನಿಂತಿತು. ಬಹಳ ಹೊತ್ತಿನ ಮೇಲೆ ಒಂದು, ಅದೂ ಸಂಶಯದ್ದು. ಗೋಡೆಯ ಗಡಿಯಾರ ಎರಡು ಸುತ್ತು ಮುಗಿಸುವಾಗ ಆಚೆ ಗುಳಿಗೆ ದಾಟಿದ್ದು ಆರು, ಈಚೆ ಗುಳಿಯಲ್ಲಿ ನಾಲ್ಕು ಬೀಜ ಹಾಗೇ ಕೂತಿದ್ದವು.

ಈಗ ನಾನು ಹೇಳಿದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ಗ್ರಾಫ್ ಬಿಡಿಸಿ ಹಿಡಿದು, "ನಿನ್ನೆ ಇಪ್ಪತ್ತೇ ನಿಮಿಷದಲ್ಲಿ ಹತ್ತಾಗಿದೆ. ವಾರದ ಸರಾಸರಿ ತುಂಬ ಚೆನ್ನಾಗುಂಟು. ಒಂದು ದಿನ ಕಡಿಮೆಯಾದರೆ ಲೆಕ್ಕಕ್ಕೆ ಬರುವುದಿಲ್ಲ. ಸೆಕೆಗೆ ಮಗುವಿಗೂ ನಿದ್ರೆ ಬಂದಿರ್ತದೆ. ಸಂಜೆ ಇನ್ನೊಮ್ಮೆ ನೋಡುವ," ಎಂದೆ. ಹೆದರಿಕೆಯಾದಾಗ ಗಂಡಸರು ಲೆಕ್ಕ ಹೇಳುತ್ತಾರೆ. ನನಗೂ ಹೆದರಿಕೆಯಾಗಿತ್ತು. ಸುಚಿತ್ರಾ ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಅವಳ ತುಟಿ ಬಿಳಿಚಿಕೊಂಡಿತ್ತು.

ಅಮ್ಮ ಆ ನಾಲ್ಕು ಬೀಜ ಬಾಚಿ ಮುಷ್ಟಿಯಲ್ಲಿ ಹಿಡಿದು ಎದ್ದಳು. "ಕಾರು ತೆಗಿ."

"ಅಮ್ಮ, ಸರಾಸರಿ ಅಂದ್ರೆ..."

"ನಿನ್ನೆ ಉಂಡವನಿಗೆ ಇವತ್ತು ಹಸಿವಾಗುವುದಿಲ್ಲವಾ? ನಿನ್ನ ಪುಸ್ತಕ ಒಲೆಗೆ ಹಾಕು. ನಾಲ್ಕು ಉಳಿದಿದೆ. ಕಾರು ತೆಗಿ ಅಂದೆ!"

ಬದುಕಿನಲ್ಲಿ ಅಮ್ಮ ನನ್ನ ಮೇಲೆ ಹಾಗೆ ಕಿರುಚಿದ್ದು ಅದೊಂದೇ ಸಲ. ಬಟ್ಟೆಯ ಚೀಲ ಸಿಸ್ಟರ್ ಹೇಳಿದಂತೆ ಹದಿನೈದು ದಿನದ ಹಿಂದೆಯೇ ಬಾಗಿಲ ಹಿಂದೆ ತಯಾರಾಗಿತ್ತು. ದನಕ್ಕೆ ಹುಲ್ಲು ಹಾಕುವವರು ಯಾರೆಂದೂ ಮೊದಲೇ ಮಾತಾಗಿತ್ತು. ಹಾಗಾಗಿ ಹೊರಡಲು ಐದು ನಿಮಿಷವೂ ಬೇಕಾಗಲಿಲ್ಲ. ಮೂಡುಬಿದಿರೆಯ ಆ ರಸ್ತೆಯ ತಿರುವುಗಳೆಲ್ಲ ನನಗೆ ಬಾಯಿಪಾಠ. ಆದರೆ ಆ ದಿನ ಹೇಗೆ ಓಡಿಸಿದೆನೆಂದು ಈಗಲೂ ನೆನಪಿಲ್ಲ. ಕನ್ನಡಿಯಲ್ಲಿ ಕಂಡದ್ದು ಮಾತ್ರ ನೆನಪಿದೆ: ಹಿಂದಿನ ಸೀಟಿನಲ್ಲಿ ಸುಚಿತ್ರಾಳ ತಲೆ ಅಮ್ಮನ ಭುಜದ ಮೇಲೆ, ಅಮ್ಮನ ಒಂದು ಕೈ ಅವಳ ಹೊಟ್ಟೆಯ ಮೇಲೆ, ಇನ್ನೊಂದು ಕೈ ಮುಷ್ಟಿ.

ಆಸ್ಪತ್ರೆಯ ಬಾಗಿಲಿನಲ್ಲಿ ಹಿಲ್ಡಾ ಸಿಸ್ಟರ್ ಕೇಳಿದ್ದು ಒಂದೇ ಮಾತು. "ಎಷ್ಟು ಉಳಿಯಿತು?"

"ನಾಲ್ಕು," ಎಂದು ಅಮ್ಮ ಮುಷ್ಟಿ ಬಿಚ್ಚಿದಳು. ಅಂಗೈ ಬೆವತು ಒದ್ದೆಯಾಗಿತ್ತು. ಅದರಲ್ಲಿ ಮೂರೇ ಬೀಜ. "ನಾಲ್ಕಿತ್ತು ಸಿಸ್ಟರ್, ನಾಲ್ಕಿತ್ತು," ಎಂದು ಅಮ್ಮ ನೆಲವನ್ನೆಲ್ಲ ನೋಡತೊಡಗಿದಳು. "ಇರ್ಲಿ ಗಿರಿಜಕ್ಕ, ನೀವು ಬಂದಿರಲ್ಲ," ಎಂದು ಸಿಸ್ಟರ್ ಸುಚಿತ್ರಾಳನ್ನು ಒಳಗೆ ಕರೆದುಕೊಂಡು ಹೋದರು.

ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತ ನೋಡಿದರು. ಸ್ಕ್ಯಾನ್ ಮಾಡಿದರು. ಡಾಕ್ಟರು ಬಂದು, ಮಗುವಿನ ಸುತ್ತ ಇರಬೇಕಾದ ನೀರು ತೀರಾ ಕಡಿಮೆಯಾಗಿದೆ, ಎದೆಬಡಿತವೂ ಸರಿಯಿಲ್ಲ, ಈಗಲೇ ಆಪರೇಷನ್ ಮಾಡಬೇಕು ಎಂದರು. ನಾನು ಸಹಿ ಹಾಕಿದೆ. ನನ್ನ ಸಹಿ ಅಮ್ಮನ ಸಹಿಯ ಹಾಗೆ ಬಂತು. ಆಮೇಲೆ ನಾವಿಬ್ಬರೂ ಹೊರಗೆ ಕೂತೆವು. ಪಾಠದ ದಿನ ಕೂರುವ ಅದೇ ಉದ್ದದ ಬೆಂಚು. ಅಮ್ಮ ಉಳಿದ ಮೂರು ಬೀಜವನ್ನು ಸೆರಗಿಗೆ ಗಂಟು ಕಟ್ಟಿದಳು. ಬಾಗಿಲು ತೆರೆದು ಸಿಸ್ಟರ್ ಹೊರಗೆ ಬಂದರು.

"ಹೆಣ್ಣು. ಜೋರಾಗಿ ಅತ್ತಳು. ಇಬ್ಬರೂ ಚೆನ್ನಾಗಿದ್ದಾರೆ." ಕನ್ನಡಕ ತೆಗೆದು ಒರೆಸುತ್ತ, ತಗ್ಗಿದ ದನಿಯಲ್ಲಿ, "ನಾಳೆ ಅಂತ ಕೂತಿದ್ರೆ..." ಎಂದರು. ನಾನು ಗೋಡೆಗೆ ಮುಖ ಮಾಡಿ ಅತ್ತೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯನ್ನು ಮಕ್ಕಳಿಗೆ ಭಿನ್ನರಾಶಿ ಕಲಿಸುವಾಗ ಹಾಸ್ಯಕ್ಕೆ ಹೇಳುತ್ತಿದ್ದವನು ನಾನು.

ಹಳದಿ ಹಾಲಿನ ವಿಷಯದಲ್ಲಿ ಯಾರೂ ಚರ್ಚೆ ಮಾಡಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಜೇನಿನ ಬಾಟಲಿ ತಂದ ವಾರಿಜಕ್ಕನನ್ನು ಅಮ್ಮನೇ ಬಾಗಿಲಿನಿಂದ ತಿರುಗಿಸಿ ಕಳಿಸಿದಳು.

ಮೂರನೆಯ ದಿನ ಬೆಳಿಗ್ಗೆ ನಾನು ಫ್ಲಾಸ್ಕಿನಲ್ಲಿ ಗಂಜಿ ತಿಳಿ ಹಿಡಿದುಕೊಂಡು ಬಂದವನು ವಾರ್ಡಿನ ಪರದೆಯ ಹೊರಗೆ ನಿಂತೆ. ಒಳಗೆ ಸುಚಿತ್ರಾ ನಿದ್ರೆಯಲ್ಲಿದ್ದಳು. ಅಮ್ಮನ ಮಡಿಲಲ್ಲಿ ಮಗು. ಸಿಸ್ಟರ್ ಮಂಚದ ಅಂಚಿನಲ್ಲಿ ಕೂತಿದ್ದರು. ಮಗು ಬಟ್ಟೆಯೊಳಗಿಂದ ಕಾಲು ಜಾಡಿಸಿತು. ಅಮ್ಮ ಸೆರಗಿನ ಗಂಟು ಬಿ‌ಚ್ಚಿ ಒಂದು ಬೀಜ ತೆಗೆದು ಹಾಸಿಗೆಯ ಮೇಲಿಟ್ಟಳು. "ಏಳು," ಎಂದಳು. ಮತ್ತೆ ಕಾಲು ಜಾಡಿಸಿತು. "ಎಂಟು." ಮತ್ತೊಮ್ಮೆ. "ಒಂಬತ್ತು." ಮಗು ಇನ್ನೊಮ್ಮೆ ಒದೆಯಿತು. ಅಮ್ಮ ಗಂಟಿಗೆ ಕೈ ಹಾಕಿದಳು. ಅಲ್ಲಿ ಬೀಜ ಇರಲಿಲ್ಲ. ಅಷ್ಟಕ್ಕೇ ಅಮ್ಮ ಅಳಲು ಶುರುಮಾಡಿದಳು.

"ಒಂದು ಬೀಜಕ್ಕೆ ಅಳುವುದಾ ಗಿರಿಜಕ್ಕ? ಮಗು ಬಂತಲ್ಲ," ಎಂದರು ಸಿಸ್ಟರ್.

"ಈ ಮಗುವಿಗೆ ಅಲ್ಲ ಸಿಸ್ಟರ್." ಅಮ್ಮ ನಿಲ್ಲಿಸಿ ನಿಲ್ಲಿಸಿ ಹೇಳಿದಳು. "ಇವನ ನಂತರ ನನಗೊಂದು ಇತ್ತು. ಒಂಬತ್ತು ತುಂಬಿತ್ತು. ಎರಡು ದಿನ ಅಲುಗಲೇ ಇಲ್ಲ. ಅತ್ತೆ ಹೇಳಿದ್ರು, ಕೊನೆಗೆ ಮಗು ಮಲಗ್ತದೆ, ಅದು ಹೊರಗೆ ಬರ್ಲಿಕ್ಕೆ ತಯಾರು ಆಗುವುದು ಅಂತ. ಅವರು ಕೆಟ್ಟವರಲ್ಲ. ನಾನೂ ನಂಬಿದೆ. ಇವನಿಗೆ ನಾಲ್ಕು ವರ್ಷ. ಮೆಲ್ಕಾರಿಗೆ ಅಕ್ಕನಲ್ಲಿಗೆ ಕಳಿಸಿದ್ರು, ನೋಡುವುದು ಬೇಡ ಅಂತ. ಅದೂ ಹೆಣ್ಣು. ನಲ್ವತ್ತು ವರ್ಷ ಆಯ್ತು. ಬೀಡಿ ಎಣಿಸಿದೆ, ಚೆನ್ನೆ ಎಣಿಸಿದೆ. ಅದೊಂದನ್ನು ನಾನು ಎಣಿಸಲಿಲ್ಲ ಸಿಸ್ಟರ್."

ಹಿಲ್ಡಾ ಸಿಸ್ಟರ್ ಅಮ್ಮನ ಕೈ ಹಿಡಿದರು. "ನಿಮಗೆ ಯಾರೂ ಕಲಿಸಿರಲಿಲ್ಲ ಗಿರಿಜಕ್ಕ," ಎಂದರು. "ಕಲಿಸಿದ್ರೆ ನೀವು ಎಣಿಸುತ್ತಿದ್ದಿರಿ. ಮೊನ್ನೆ ನೋಡಿದೆ ಅಲ್ವಾ ನಾನು."

ಪರದೆಯ ಹೊರಗೆ ನಾನು ಫ್ಲಾಸ್ಕ್ ಹಿಡಿದು ನಿಂತೇ ಇದ್ದೆ. ನನ್ನ ಆ ಸುಖದ ವಾರ. ಆ ಲಾರಿಗಳು. ದೊಡ್ಡಮ್ಮ ಗದರದೆ ಕೊಟ್ಟ ಬೆಲ್ಲ. ಅಮ್ಮ ಮನೆಯಲ್ಲಿ ಹಾಗೆ ಮಲಗಿದ್ದಾಗ ನಾನು ಮೆಲ್ಕಾರಿನ ಜಗಲಿಯಲ್ಲಿ ಕೂತು ನೂರರವರೆಗೆ ಎಣಿಸಿದ್ದೆ. ಈ ವಿಷಯ ಅಮ್ಮ ನನಗೆ ಹೇಳಿರಲಿಲ್ಲ. ಅಪ್ಪನ ಜೊತೆಗಾದರೂ ಆಡಿದ್ದಳೋ ಇಲ್ಲವೋ. ಮೂಡುಬಿದಿರೆಯ ಶನಿವಾರದ ಬೆಂಚಿನಲ್ಲಿ ಪರಿಚಯವಾದ ಒಬ್ಬ ನರ್ಸಿಗೆ ಹೇಳಿದಳು. ಆ ಒಂದು ಮಾತಿಗಾಗಿ, "ಯಾರೂ ಕಲಿಸಿರಲಿಲ್ಲ" ಎಂಬ ಆ ಮಾತಿಗಾಗಿ, ಸಿಸ್ಟರಿಗೆ ನಾನು ಎಷ್ಟು ಋಣಿ ಎಂದು ಹೇಳಲು ಬರುವುದಿಲ್ಲ. ಮಗಳನ್ನು ಉಳಿಸಿಕೊಟ್ಟದ್ದಕ್ಕಿಂತ ಒಂದು ತೂಕ ಹೆಚ್ಚೇ ಎಂದು ಕೆಲವು ಸಲ ಅನ್ನಿಸುತ್ತದೆ. ಅನ್ನಿಸಿದ ಕೂಡಲೇ ಮಗಳು ಬಂದು ಬೆನ್ನ ಮೇಲೆ ಹತ್ತುತ್ತಾಳೆ, ಆಗ ಎರಡೂ ಸಮ ಎಂದುಕೊಳ್ಳುತ್ತೇನೆ.

ಆಮೇಲಿನ ಕತೆ ಸಣ್ಣದು. ಮಗಳಿಗೆ ಧನ್ಯಾ ಎಂದು ಹೆಸರಿಟ್ಟೆವು. ಬೀಡಿ ಮತ್ತೆ ಮನೆಗೆ ಬರಲಿಲ್ಲ. ಅಮ್ಮ ತಿಂಗಳಿಗೊಂದು ಶನಿವಾರ ಆ ಬೆಂಚಿಗೆ ಹೋಗಿ ಕೂರುತ್ತಾಳೆ. ಹೊಸ ಅತ್ತೆಯಂದಿರಿಗೆ ಗಿಣ್ಣಿನ ಕತೆ ಈಗ ಅವಳೇ ಹೇಳುವುದು, ಸಿಸ್ಟರಿಗಿಂತ ಸ್ವಲ್ಪ ಜೋರಾಗಿಯೇ. ನನಗೂ ಅಲ್ಲಿ ಒಂದು ಕೆಲಸ ಸಿಕ್ಕಿತು. "ಮಾಷ್ಟ್ರೇ, ಗಂಡಸರಿಗೆ ನಿಮ್ಮ ಸರಾಸರಿಯ ವಿಷಯ ಒಮ್ಮೆ ಹೇಳಿಬಿಡಿ," ಎಂದು ಸಿಸ್ಟರ್ ನನ್ನನ್ನು ನಿಲ್ಲಿಸುತ್ತಿದ್ದರು. ಇಪ್ಪತ್ತು ವರ್ಷದ ನನ್ನ ಪಾಠಗಳಲ್ಲಿ ಯಾರೂ ಆಕಳಿಸದೆ ಕೇಳಿದ್ದು ಅದೊಂದನ್ನೇ. ಹಿಲ್ಡಾ ಸಿಸ್ಟರ್ ಕಳೆದ ವರ್ಷ ನಿವೃತ್ತರಾಗಿ ಈಗ ಬಂಟ್ವಾಳದಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಚೆನ್ನೆಮಣೆಗೆ ಐವತ್ತೈದೇ ಬೀಜ. ಐವತ್ತಾರನೆಯದರ ಜಾಗದಲ್ಲಿ ನನ್ನ ಅಂಗಿಯ ಒಂದು ಗುಂಡಿ. ಆಟಿಯಲ್ಲಿ ಧನ್ಯಾ ಅಜ್ಜಿಯೆದುರು ಕೂತು ಆಡುತ್ತಾಳೆ, ಈಗಲೇ ನನ್ನನ್ನು ಸೋಲಿಸುತ್ತಾಳೆ.

ಗ್ಯಾರೇಜಿನಿಂದ ಮೊನ್ನೆ ಮನೆಗೆ ಬಂದವನು ಅಮ್ಮನ ಅಂಗೈಯಲ್ಲಿ ಬೀಜ ಇಟ್ಟೆ. ಎಲ್ಲಿ ಸಿಕ್ಕಿತೆಂದು ಹೇಳಿದೆ. ಅಮ್ಮ ಅದನ್ನು ತಿರುಗಿಸಿ ನೋಡಿದಳು. "ನಾಲ್ಕಿತ್ತು ಅಂತ ಹೇಳಿದ್ದೆ ನಾನು," ಎಂದಳು. ಆಮೇಲೆ, "ಮಣೆ ಇಳಿಸು," ಎಂದಳು.

"ಆಟಿಗೆ ಇನ್ನೂ ಎರಡು ತಿಂಗಳುಂಟಲ್ಲ ಅಮ್ಮ."

"ಇಳಿಸು ಮಾರಾಯ. ಆಡ್ಲಿಕ್ಕೆ ಅಲ್ಲ."

ಇಳಿಸಿಕೊಟ್ಟೆ. ಅಮ್ಮ ಒಂದು ಗುಳಿಗೆ ಒಂಬತ್ತು ಬೀಜ ಎಣಿಸಿ ಹಾಕಿದಳು. ಸಿಕ್ಕಿದ ಬೀಜವನ್ನು ಎದುರಿನ ಗುಳಿಯಲ್ಲಿಟ್ಟಳು. ಅಂಗಳದಲ್ಲಿದ್ದ ಧನ್ಯಾಳನ್ನು ಕರೆದಳು.

"ಬಾ ಮಗಾ. ಒಂದು ಒದಿ."

"ಯಾರಿಗೆ ಅಜ್ಜಿ?"

"ನಿನ್ನ ಅಪ್ಪನಿಗೆ."

ಇಂಥ ಅಪ್ಪಣೆ ಎಷ್ಟು ಸಲ ಸಿಗುತ್ತದೆ? ಧನ್ಯಾ ಎರಡು ಹೆಜ್ಜೆ ಹಿಂದೆ ಹೋಗಿ ಓಡಿಬಂದು ನನ್ನ ಮೊಣಕಾಲಿಗೆ ಸರಿಯಾಗಿ ಬಾರಿಸಿದಳು. ಅಮ್ಮ ಬೀಜ ಎತ್ತಿ ಒಂಬತ್ತರ ಜೊತೆಗೆ ಹಾಕಿದಳು.

"ಹತ್ತು."

ಸಿಸ್ಟರಿಗೆ ಫೋನ್ ಮಾಡಿಕೊಡು ಎಂದಳು. ಮಾಡಿಕೊಟ್ಟೆ. "ಸಿಸ್ಟರ್, ನಾನು ಗಿರಿಜ," ಎಂದು, ಕ್ಷೇಮಸಮಾಚಾರ ಎಂತದೂ ಕೇಳದೆ, "ಹತ್ತು ಆಯ್ತು," ಎಂದಳು. ಆ ಕಡೆಯಿಂದ ಹಿಲ್ಡಾ ಸಿಸ್ಟರಿನ ದನಿ ನನಗೂ ಕೇಳಿತು.

"ಎಷ್ಟು ಹೊತ್ತು ಹಿಡಿಯಿತು ಗಿರಿಜಕ್ಕ?"

"ಆರು ವರ್ಷ," ಎಂದಳು ಅಮ್ಮ.

ಬಂಟ್ವಾಳದಲ್ಲಿ ಅವರು, ಇಲ್ಲಿ ಇವಳು, ಇಬ್ಬರೂ ಒಟ್ಟಿಗೆ ನಗಲು ಶುರುಮಾಡಿದರು. ನಾನು ಕಣ್ಣು ಒರೆಸಿಕೊಂಡೆ. ಧನ್ಯಾ ಕೇಳಿದ್ದಕ್ಕೆ, ಮೊಣಕಾಲು ನೋಯುತ್ತದೆ ಎಂದೆ.